ಕಾದು ಕೊಟ್ಟ ಏಟು

ಟಿವಿಯ ವಿಡಿಯೋ ಗೇಮಿನಲ್ಲಿ ಹರ್ಷವರ್ಧನನ ಕೆಂಪು ಪೈಲ್ವಾನ ಕಾಲೆತ್ತಿದ. ಸ್ಪಂದನಳ ನೀಲಿ ಹುಡುಗಿ ಅಲುಗಾಡದೆ ನಿಂತಿದ್ದಳು. ಒದೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಸ್ಪಂದನ ಗುಂಡಿ ಒತ್ತಿದಳು. ನೀಲಿ ಹುಡುಗಿ ಆ ಕಾಲನ್ನೇ ಹಿಡಿದು ಪೈಲ್ವಾನನನ್ನು ಅಂಗಾತ ಕೆಡವಿದಳು.

“ಥೂ, ಮತ್ತೆ ಕೌಂಟರ್!” ಎಂದು ತಿರುಗೇಟು ತಿಂದ ಹರ್ಷ ಗೊಣಗಿದ.

“ಹೊಡಿಯಕ್ ಮುಂಚೆ ಭುಜ ಎತ್ತುತೀಯ ಕಣೋ. ಸಣ್ಣೋನಿದ್ದಾಗಿಂದ್ಲೂ ಅದೇ ಚಾಳಿ ನಿಂದು.”

ಹೆಂಡತಿ ಸ್ಪಂದನಳ ತವರೂರು ಜಡೆಗೆ ಬಂದಿದ್ದ ಶಿಕಾರಿಪುರದ ಯತೀಶ, ಮಂಡಕ್ಕಿ ತಟ್ಟೆ ಹಿಡಿದು ಇಂಗು ತಿಂದ ಮಂಗನಂತೆ ಕೂತಿದ್ದ. ಹರ್ಷ ಅವಳ ಸೋದರಮಾವನ ಮಗ. ‘ಅವನಿಗೇ ಕೊಡೋದು ಅಂತಿತ್ತು, ಜಾತಕ ಕೂಡಿ ಬರಲಿಲ್ಲ’ ಎಂದು ಮದುವೆ ಚಪ್ಪರದಲ್ಲೇ ಯಾರೋ ಪುಣ್ಯಾತ್ಗಿತ್ತಿ ಯತೀಶನ ಕಿವಿಗೆ ಹಾಕಿದ್ದಳು. ಇಂಥ ಮಾತು ಕಿವಿಯಲ್ಲಿ ನಿಲ್ಲುವುದಿಲ್ಲ, ಹೊಟ್ಟೆಗೇ ಇಳಿಯುತ್ತದೆ.

ಶಿಕಾರಿಪುರದ ಮನೆಯಲ್ಲಿ ಇದೇ ಆಟದಲ್ಲಿ ಅವಳು ಯತೀಶನೆದುರು ದಿನವೂ ಸೋಲುತ್ತಿದ್ದಳು. ಅವನ ಒಂದೇ ಒಂದು ಏಟನ್ನೂ ಹೀಗೆ ತಿರುಗಿಸಿದ್ದಿಲ್ಲ. ತಾನು ಭಾರೀ ಆಟಗಾರನೆಂದು ಬೀಗಿದ್ದ, ಪಾಪ. ಎದುರಿನವನು ಯಾವಾಗ ಹೊಡೆಯುತ್ತಾನೆಂದು ಗೊತ್ತಿದ್ದವರಿಗಷ್ಟೇ ಕೌಂಟರ್ ಸಾಧ್ಯವೆಂದು ಈಗ ಹೊಳೆಯಿತು. ಇವಳಿಗೆ ಹರ್ಷ ಗೊತ್ತು, ಗಂಡ ಗೊತ್ತಿಲ್ಲ. ಅವನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು.

“ಕೊಡಪ್ಪ ಇಲ್ಲಿ,” ಎಂದು ಹರ್ಷನ ಕೈಯಿಂದ ಕಂಟ್ರೋಲರ್ ತೆಗೆದುಕೊಂಡ. “ನನ್ ಜೊತಿ ಆಡು ಸ್ಪಂದನ. ಅವನ ಜೊತಿ ಆಡಿದಂಗೇ ಆಡಬೇಕು ಮತ್ತ.”

“ಬ್ಯಾಡ ಬಿಡ್ರೀ.”

“ಆಡು ಅಂದ್ನಲ್ಲ.”

ಅಡುಗೆಮನೆಯಿಂದ ಅತ್ತೆ ನಾಗವೇಣಿ, “ಅಳಿಯಂದ್ರನ್ನ ಸೋಲಿಸ್ಬ್ಯಾಡ್ವೇ ಮಾರಾಯ್ತಿ!” ಎಂದು ಕೂಗಿದರು. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಯತೀಶ ಮೇಲೆರಗಿದ. ನೀಲಿ ಹುಡುಗಿ ಕಾದಳು, ಹಿಡಿದಳು, ಕೆಡವಿದಳು. ಎದ್ದು ಒದ್ದ, ಮತ್ತೆ ಕೆಡವಿದಳು. ಅವನ ಯಾವ ಏಟೂ ಅವಳಿಗೆ ತಾಗಲಿಲ್ಲ.

“ಹೊಡಿಯೋಕ್ ಮುಂಚೆ ಉಸಿರು ಹಿಡೀತೀರಿ ನೀವು,” ಎಂದಳು ಸ್ಪಂದನ ಮೆಲ್ಲಗೆ.

“ಯಾವಾಗಿಂದ ಗೊತ್ತು?”

“ಮದ್ವೆಯಾದ ವಾರದಲ್ಲೇ.”

“ಮತ್ಯಾಕ ಸೋಲ್ತಿದ್ದಿ?”

“ಗೆದ್ದಾಗ ಮನೆ ತುಂಬ ನಕ್ಕೊಂಡ್ ಓಡಾಡ್ತಿದ್ರಲ್ಲ. ನೋಡಕ್ ಚೆನ್ನಾಗಿರ್ತಿತ್ತು.”

ಹರ್ಷ ಕೈ ಚಾಚಿದ. “ಆಯ್ತಲ್ಲಣ್ಣ, ಕೊಡು. ಈಗ ನನ್ ಪಾಳಿ.”

ಯತೀಶನಿಗೆ ಅದು ಕೇಳಿಸಲೇ ಇಲ್ಲ. “ಇನ್ನೊಂದ್ ಆಟ,” ಎಂದು ಹೆಂಡತಿಯ ಪಕ್ಕಕ್ಕೆ ಸರಿದು ಕೂತ. ಉಸಿರು ಹಿಡಿಯದೆ ಹೊಡೆಯಲು ನೋಡಿದ, ಆಗಲಿಲ್ಲ. ಅವನ ಪೈಲ್ವಾನ ಮತ್ತೆ ಅಂಗಾತ ಬಿದ್ದ. ಗಂಡಹೆಂಡಿರಿಬ್ಬರೂ ಗಹಗಹಿಸಿ ನಕ್ಕರು. ಹರ್ಷ ಚಾಚಿದ್ದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ತೊಡೆಯ ಮೇಲೆ ಇಟ್ಟುಕೊಂಡ.