ಹಿಂದಿನ ಸೀಟು

ಕಮ್ಸಿಯಾ ಹೆಲ್ಮೆಟ್ಟನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅದರ ಒಳಮೈಗೆ ಪೌಡರು ಉದುರಿಸುತ್ತಿದ್ದಳು. ನಿನ್ನೆಯ ಬೆವರು ಇನ್ನೂ ಸ್ಪಂಜಿನಲ್ಲಿ ಹಸಿಯಾಗಿಯೇ ಇತ್ತು. ಮುಂದಿನ ಗಾಜಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸವರಿ, ಗಂಡನ ಹಳೆಯ ಬನಿಯನ್ನಿನಿಂದ ಉಜ್ಜಿದಳು. ಹಾಗೆ ಮಾಡಿದರೆ ಸೇತುವೆಯ ಮೇಲೆ ಬೈಕು ಓಡಿಸುವಾಗ ಉಸಿರಿಗೆ ಗಾಜು ಮಬ್ಬಾಗುವುದಿಲ್ಲ. ಇಷ್ಟು ಮುಗಿಸಿ ಏಳಲು ಹೋದವಳು ಅಡುಗೆಮನೆಯ ಮಣೆಯ ಮೇಲೇ ಕುಸಿದು ಕೂತಳು. ಬಲ ಮಂಡಿ ರಾತ್ರಿಯೇ ಊದಿಕೊಂಡಿತ್ತು. ಈಗ ಅದು ಮಡಚಲೂ ಒಪ್ಪಲಿಲ್ಲ, ನೇರವಾಗಲೂ ಒಪ್ಪಲಿಲ್ಲ.

"ರೀ, ಇವತ್ತು ನೀವೊಬ್ಬರೇ ಹೋಗಬೇಕಾಗತ್ತೆ," ಅಂದಳು.

ಬಹರೊಮ್ ಕಾಫಿಯಲ್ಲಿ ಅದ್ದಿದ ಬ್ರೆಡ್ಡನ್ನು ಬಾಯಿಗೆ ಒಯ್ಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಬ್ರೆಡ್ಡು ಲೋಟದೊಳಗೆ ಬಿತ್ತು.

"ಇವತ್ತಾ? ಇವತ್ತೇನಾ ನಿನ್ನ ಮಂಡಿಗೆ ಊದೋಕೆ ಟೈಮ್ ಸಿಕ್ಕಿದ್ದು?"

"ಅದನ್ನ ಮಂಡೀನೇ ಕೇಳಿ."

ಅವನು ಹಾಗೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಜಲಸಂಧಿಯ ಸೇತುವೆ ದಾಟಿದರೆ ಗಡಿಯಾಚೆ, ಸಿಂಗಪುರದ ಬ್ರೆಡ್ಡು ಕಾರ್ಖಾನೆಯಲ್ಲಿ ಕೆಲಸ ಖಾಯಂ ಆಗುವ ಮುಂಚಿನ ಅವನ ಪರೀಕ್ಷೆಯ ಅವಧಿ ಅಂದಿಗೆ ಮುಗಿಯುವುದಿತ್ತು. ಹೆಂಡತಿಯ ಗಾಡಿಯ ಹಿಂದೆ ಕೂತು ಹೋಗುತ್ತಿದ್ದವನಿಗೆ ಗಡಿಯ ಸಾಲಿನಲ್ಲಿ ಸಿಕ್ಕಿ ಎರಡು ಸಲ ಆಗಲೇ ತಡವಾಗಿತ್ತು. ಇನ್ನೊಂದು ಸಲವಾದರೆ ಬರುವುದೇ ಬೇಡವೆಂದು ಮೇಲ್ವಿಚಾರಕಿ ಮಿಸ್ ಕೋ ನಗುನಗುತ್ತಲೇ ಹೇಳಿದ್ದಳು. ಅದೇ ಕಾರ್ಖಾನೆಯಲ್ಲಿ ಕಮ್ಸಿಯಾ, ಮಗಳು ಹಾಲು ಕುಡಿಯುತ್ತಿದ್ದ ಕಾಲದಿಂದ ಹಿಟ್ಟು ನಾದುತ್ತಿದ್ದಳು. ಆ ಮಗಳಿಗೆ ಈಗ ಮದುವೆಯಾಗಿ ಮಲಾಕಾದಲ್ಲಿ ಸಂಸಾರವಿತ್ತು. ಬಹರೊಮ್ ಓಡಿಸುತ್ತಿದ್ದ ಶಾಲೆಯ ವ್ಯಾನನ್ನು ಅದರ ಮಾಲೀಕ ಮಾರಿದ ಮೇಲೆ ಅವಳೇ ಮಿಸ್ ಕೋ ಹತ್ತಿರ ಹೋಗಿ, ನನ್ನ ಗಂಡನಿಗೆ ಮೂಟೆ ಎತ್ತುವ ಕೆಲಸವಾದರೂ ಕೊಡಿ ಎಂದು ಕೇಳಿದ್ದಳು. ಅವನ ಕೆಲಸ ಖಾಯಂ ಆದರೆ ಇವಳು ತನ್ನದನ್ನು ಬಿಡಬಹುದು. ಅವನದು ಹೋದರೆ ಇವಳ ಮಂಡಿ ಇನ್ನೆಷ್ಟು ವರ್ಷವಾದರೂ ಸೇತುವೆ ದಾಟುತ್ತಿರಲೇಬೇಕು. ಗಂಡಹೆಂಡಿರಿಬ್ಬರಿಗೂ ಗೊತ್ತಿದ್ದ ಲೆಕ್ಕ ಅದು.

ಅವಳ ರಾಜೀನಾಮೆಯ ಪತ್ರವೂ ತಯಾರಿತ್ತು. ಎರಡು ಹಬ್ಬದ ಹಿಂದೆ ಮಗಳು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಳು. ತಾರೀಕಿನ ಜಾಗ ಮಾತ್ರ ಖಾಲಿ. ಎಷ್ಟೋ ಸಲ ಕಮ್ಸಿಯಾ ಅದನ್ನು ಚೀಲದಲ್ಲಿಟ್ಟುಕೊಂಡು ಗಡಿ ದಾಟಿದ್ದಳು, ಅಷ್ಟೇ ಸಲ ಜೋಪಾನವಾಗಿ ವಾಪಸು ತಂದಿದ್ದಳು. "ಇದಕ್ಕೂ ಒಂದು ಪಾಸ್‌ಪೋರ್ಟು ಮಾಡಿಸೇ," ಎಂದು ಬಹರೊಮ್ ಅಣಕಿಸುತ್ತಿದ್ದ.

ಈಗ ಅವನು ಅಣಕಿಸುವ ಸ್ಥಿತಿಯಲ್ಲಿರಲಿಲ್ಲ. ಎದೆಗೆ ಗಾಳಿ ಬಡಿಯದಿರಲೆಂದು ಅಲ್ಲಿನ ಬೈಕಿನವರಂತೆ ಜಾಕೆಟ್ಟನ್ನು ಹಿಂದುಮುಂದಾಗಿ ತೊಟ್ಟು, ಬೆನ್ನಿನ ಜಿಪ್ಪು ಎಟುಕದೆ ಒದ್ದಾಡುತ್ತಿದ್ದ. ಕಮ್ಸಿಯಾ ಕೂತಲ್ಲಿಂದಲೇ ಅವನನ್ನು ತಿರುಗಿಸಿ ಜಿಪ್ಪು ಎಳೆದಳು.

"ಪಾಸ್‌ಪೋರ್ಟು ಎಲ್ಲಿ?"

"ಕೊರಳಲ್ಲಿ. ಅಂಗಿ ಒಳಗೆ."

"ಗಡಿ ಸಾಲಲ್ಲಿ ಯಾರ ಹಿಂದೆ ನಿಲ್ತೀರಿ?"

"ಹಳೇ ಗಾಡಿ, ಹಳೇ ಮನುಷ್ಯ, ಹಿಂದೆ ಯಾರೂ ಕೂತಿರಬಾರದು. ಹೊಸಾ ಹೆಲ್ಮೆಟ್ಟು ಕಂಡ್ರೆ ಆ ಸಾಲಿಗೇ ಹೋಗಬಾರದು."

"ಬೆರಳು?"

"ಹಣೆಗೆ ಒರೆಸ್ಕೊಂಡು ಇಡಬೇಕು," ಅಂದ ಅವನು ಶಾಲೆಯ ಹುಡುಗನ ರಾಗದಲ್ಲಿ. ಹಿಟ್ಟು, ಸೋಪು ಮುಟ್ಟಿ ಮುಟ್ಟಿ ಕಾರ್ಖಾನೆಯವರ ಹೆಬ್ಬೆರಳಿನ ಗೆರೆ ಸವೆದಿರುತ್ತದೆ, ಗಡಿಯ ಯಂತ್ರ ಗುರುತು ಹಿಡಿಯುವುದಿಲ್ಲ. ಹಣೆಯ ಜಿಡ್ಡು ಸ್ವಲ್ಪ ತಾಗಿದರೆ ಹಿಡಿಯುತ್ತದೆ. "ಮೇಷ್ಟ್ರೇ, ಪಾಸಾದ್ನಾ?"

"ಹೊರಡಿ ಹೊರಡಿ. ಗಾಡಿ ನನ್ನದು, ಗೀರು ಬಿದ್ದರೆ ನೋಡಿ ಮತ್ತೆ."

ಅವನು ಹೋದ. ಕಮ್ಸಿಯಾ ಮಂಡಿಗೆ ಬಿಸಿ ಎಣ್ಣೆ ಹಚ್ಚಿ, ಗೋಡೆಗೆ ಒರಗಿ ಕಾಲು ಚಾಚಿದಳು. ಮನಸ್ಸು ಮಾತ್ರ ಗಾಡಿಯ ಜೊತೆಗೇ ಹೋಯಿತು. ಈಗ ಪೆಟ್ರೋಲ್ ಬಂಕು. ಈಗ ಮಾಕ್ ಸೋಮಳ ಅಂಗಡಿ. ಗಡಿಗೆ ಮುಂಚಿನ ಕೊನೆಯ ತಿರುವಿನಲ್ಲಿ ಆ ಮುದುಕಿ ತೆಂಗಿನಹಾಲಿನ ಅನ್ನದ ಪೊಟ್ಟಣ ಮಾರುತ್ತಾಳೆ. ಅವಳ ಬೆನ್ನ ಹಿಂದೆ ಒಂದು ಹಲಗೆಯಿದೆ. ಆಚೆ ದಡಕ್ಕೆ ಸುಂಕ ಕಟ್ಟದೆ ಒಂದೇ ಒಂದು ಸಿಗರೇಟನ್ನೂ ಒಯ್ಯುವಂತಿಲ್ಲವಾದ್ದರಿಂದ ಸೇದುವ ಗಂಡಸರೆಲ್ಲ ಅರ್ಧ ಖಾಲಿಯಾದ ಪ್ಯಾಕೆಟ್ಟನ್ನು ಅಲ್ಲಿಟ್ಟು ಹೋಗುತ್ತಾರೆ, ಸಂಜೆ ಬಂದು ಎತ್ತಿಕೊಳ್ಳುತ್ತಾರೆ. ಒಬ್ಬರದಕ್ಕೆ ಕೆಂಪು ರಬ್ಬರು, ಇನ್ನೊಬ್ಬರದಕ್ಕೆ ಬಾಳೆನಾರು. "ಮಸೀದಿ ಬಾಗಿಲಲ್ಲಿ ಚಪ್ಪಲಿ ಬಿಟ್ಟಂಗೆ," ಎಂದು ಮೊದಲ ದಿನ ಬಹರೊಮ್ ನಕ್ಕಿದ್ದ. ಅಷ್ಟರಲ್ಲಿ ಕಮ್ಸಿಯಾಳೇ ಅವನ ಜೇಬಿಗೆ ಕೈಹಾಕಿ ಪ್ಯಾಕೆಟ್ಟು ತೆಗೆದು ಹಲಗೆಯ ಮೇಲೆ ಇಟ್ಟಿದ್ದಳು. ಮರುದಿನವೂ ಅವಳೇ ಇಟ್ಟಳು, ಅದರ ಮರುದಿನವೂ.

ಕಮ್ಸಿಯಾ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಜಾಕೆಟ್ಟು, ಪಾಸ್‌ಪೋರ್ಟು, ಬೆರಳು ಎಲ್ಲ ಕೇಳಿದ್ದಳು. ಇದನ್ನೊಂದು ಕೇಳಿರಲಿಲ್ಲ. ತಾನೇ ಮಾಡುತ್ತಿದ್ದ ಕೆಲಸವಾದ್ದರಿಂದ ಅದು ಪಾಠದೊಳಗೆ ಸೇರಿಯೇ ಇರಲಿಲ್ಲ.

ಫೋನಿಗೆ ಕೈ ಚಾಚುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ಮೊದಲು ಹಾರನ್ನುಗಳು ಕೇಳಿದವು, ಆಮೇಲೆ ಗಂಡ.

"ಸಿಯಾ, ಜೇಬಲ್ಲಿ ಪ್ಯಾಕೆಟ್ಟಿದೆ ಕಣೇ."

"ಎಲ್ಲಿದೀರಿ?"

"ಸೇತುವೆ ದಾಟಿದೆ. ಆಚೆ ಕಡೆ ಸಾಲಲ್ಲಿ ನಡುಮಧ್ಯ ಸಿಕ್ಕೊಂಡಿದೀನಿ. ಬಿಸಾಕಿಬಿಡ್ಲಾ?"

"ಬಿಸಾಕಬೇಡಿ! ತಲೆ ಮೇಲೆಲ್ಲ ಕ್ಯಾಮೆರಾ. ಬಚ್ಚಿಡಬೇಡಿ. ಎಡಗಡೆ ಕೊನೇ ಸಾಲಿದೆಯಲ್ಲ, ಸುಂಕದವರ ಸಾಲು, ಅಲ್ಲಿಗೆ ಹೋಗಿ ಅವರು ಕೇಳೋ ಮುಂಚೆ ನೀವೇ ಕೈಯೆತ್ತಿ ಕೊಟ್ಟುಬಿಡಿ. ಕೇಳಿದ ಮೇಲೆ ಕೊಟ್ರೆ ದಂಡ."

"ಎಡಗಡೆ ಹೋಗೋದು ಹೇಗೆ? ಇಲ್ಲಿ ಇಲಿ ನುಗ್ಗೋಕೂ ಸಂದಿಲ್ಲ. ಈ ಸಾಲು ಬಿಟ್ರೆ ಮತ್ತೆ ಬಾಲಕ್ಕೇ ಹೋಗಬೇಕು. ಕೆಲಸ ಹೋಯ್ತು ಅಂತ್ಲೇ ಲೆಕ್ಕ."

ಆ ಹೊತ್ತಿನ ಸಾಲು ಅವಳಿಗೆ ಗೊತ್ತಿಲ್ಲದ್ದೇ? ಅಲ್ಲಿ ಒಬ್ಬರ ಚಕ್ರ ಇನ್ನೊಬ್ಬರ ಹಿಮ್ಮಡಿಗೆ ತಾಗುತ್ತಿರುತ್ತದೆ. ಹೆತ್ತ ತಾಯಿಗೂ ಯಾರೂ ಜಾಗ ಬಿಡುವುದಿಲ್ಲ.

ಫೋನಿನೊಳಗೆ ಬೇರೊಂದು ದನಿ ಕೇಳಿತು, ಎಳೆಯ ದನಿ. "ಅಣ್ಣಾ, ಇದು ಸಿಯಾ ಅಕ್ಕನ ಗಾಡಿ ಅಲ್ವಾ? ಅಕ್ಕ ಎಲ್ಲಿ?"

"ಮನೇಲಿದಾಳೆ. ಮಂಡಿ ನೋವು. ನಾನು ಅವಳ ಯಜಮಾನ."

"ಓ, ವ್ಯಾನ್ ಅಣ್ಣಾನಾ ನೀವು? ಏನಾಯ್ತು?"

ಆಮೇಲೆ ಏನೇನೋ ಗದ್ದಲ, ಮಲಾಯ್‌ನಲ್ಲಿ, ತಮಿಳಿನಲ್ಲಿ, ಚೀನೀ ಭಾಷೆಯಲ್ಲಿ. "ಲೇ, ಹಿಂದೆ ಸರಿರೋ! ಸಿಯಾ ಅಕ್ಕನ ಮನೆಯವರು ಸಿಗರೇಟು ಹೊತ್ಕೊಂಡು ಬಂದವ್ರೆ!" ಯಾರೋ ಕೂಗಿದರು. ಒಂದು ದೊಡ್ಡ ನಗು ಎದ್ದಿತು. ಅಷ್ಟರಲ್ಲಿ ಕರೆ ಕಟ್ಟಾಯಿತು.

ಕಮ್ಸಿಯಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆಲಸದ ದಿನ ಬೆಳಕು ಹರಿಯುವುದನ್ನು ತನ್ನ ಮನೆಯಿಂದ ಅವಳು ನೋಡಿಯೇ ಎಷ್ಟೋ ವರ್ಷವಾಗಿತ್ತು. ಪಕ್ಕದ ಮನೆಯ ಕೋಳಿ ಇಷ್ಟು ಕರ್ಕಶವಾಗಿ ಕೂಗುತ್ತದೆ ಎಂದು ಗೊತ್ತೇ ಇರಲಿಲ್ಲ. ಕಾರ್ಖಾನೆಯ ಗಂಟೆಯ ಹೊತ್ತು ಬಂತು, ದಾಟಿತು. ಫೋನು ಸುಮ್ಮನಿತ್ತು. ಒಲೆಯ ಮೇಲೆ ಅನ್ನಕ್ಕಿಟ್ಟು, ಅದಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೆ ಹಾಕಿದಳು.

ಬಿಸಿಲು ಬಾಗಿಲಿಗೆ ಬಂದ ಮೇಲೆ ಅವನು ಕರೆ ಮಾಡಿದ.

"ಸಿಯಾ, ಹಿಟ್ಟಿನ ಮೂಟೆ ಇಳಿಸ್ತಾ ಇದ್ದೆ. ಈಗ ಟೀಗೆ ಬಿಟ್ರು."

"ರೀ! ಮೊದಲು ಹೇಳಿ, ತಡವಾಯ್ತಾ?"

"ಇಲ್ಲ ಕಣೇ. ಗಂಟೆ ಹೊಡೀತಾ ಇತ್ತು, ನಾನು ಒಳಗೆ ಓಡ್ತಾ ಇದ್ದೆ." ಅವನು ಟೀ ಹೀರಿದ ಸದ್ದು ಕೇಳಿತು. "ಮೂಸಾ ನಬಿಗೆ ಸಮುದ್ರ ಸೀಳಿ ದಾರಿ ಬಿಟ್ಟಂಗೆ ಎಲ್ಲರೂ ಬಿಟ್ರು. ಗಾಡಿಗಳನ್ನ ಎತ್ತಿ ಎತ್ತಿ ಪಕ್ಕಕ್ಕಿಟ್ರು. ಸುಂಕದವನು ಪ್ಯಾಕೆಟ್ಟು ಬುಟ್ಟಿಗೆ ಹಾಕಿ, ನೀವೇ ಹೇಳಿದ್ದಕ್ಕೆ ಬಿಡ್ತಿದೀನಿ ಅಂದ. ವಾಪಸ್ ಬಂದ್ರೆ ನನ್ನ ಜಾಗ ಹಾಗೇ ಇದೆ, ಆ ದಿನಕರನ್ ಅನ್ನೋ ಹುಡುಗ ಕಾಲು ಅಗಲಿಸಿ ನಿಂತು ಕಾಯ್ತಾ ಇದಾನೆ. ಏನು ಮಾಡಿದೀಯೇ ಇವ್ರಿಗೆಲ್ಲ?"

"ನಾನೇನು ಮಾಡ್ಲಿ?" ಅಂದಳು. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ. ಯಾರದೋ ಹುಡುಗನ ಚೈನು ಕಳಚಿದಾಗ ಬ್ಯಾಟರಿ ಬೆಳಕು ಹಿಡಿದಿದ್ದಳು. ಮಳೆಯಲ್ಲಿ ಯಾರಿಗೋ ಪ್ಲಾಸ್ಟಿಕ್ಕು ಕೊಟ್ಟಿದ್ದಳು. ಹೆಸರು ಕೇಳಿರಲಿಲ್ಲ.

"ಎಲ್ಲರೂ ಒಂದೇ ಕೇಳೋದು, ಅಕ್ಕ ಎಲ್ಲಿ, ಅಕ್ಕ ಯಾವಾಗ ಬರ್ತಾರೆ ಅಂತ. ನನ್ನ ಮುಖ ನೋಡಿದೋರು ಒಬ್ಬರೂ ಇಲ್ಲ."

ಸಂಜೆ ಅವನು ಕೆಲಸ ಖಾಯಂ ಆದ ಕಾಗದ ತಂದು ಅವಳ ಮುಂದಿಟ್ಟ. ಅನ್ನ ಉಪ್ಪಾಗಿತ್ತು. ಆದರೂ ಎರಡು ಸಲ ಬಡಿಸಿಕೊಂಡ.

ಸೋಮವಾರಕ್ಕೆ ಮಂಡಿಯ ಊತ ಇಳಿಯಿತು. ಕಮ್ಸಿಯಾ ಪತ್ರವನ್ನು ತೆಗೆದು, ಖಾಲಿ ಜಾಗದಲ್ಲಿ ತಾರೀಕು ಬರೆದು, ಲಕೋಟೆಗೆ ಹಾಕಿ ಅಂಟಿಸಿದಳು. ಬಹರೊಮ್ ಗಾಡಿಯ ಹತ್ತಿರ ಕೀಲಿಕೈ ಹಿಡಿದು ನಿಂತಿದ್ದ. ಅವಳು ನಿಧಾನವಾಗಿ ಕಾಲೆತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಇಷ್ಟು ವರ್ಷ ತನ್ನದೇ ಆದ ಗಾಡಿಯಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಅವನ ಜಾಕೆಟ್ಟಿನ ಅಂಚು ಹಿಡಿದುಕೊಂಡಳು.

ಮಾಕ್ ಸೋಮಳ ಅಂಗಡಿಗೆ ಸ್ವಲ್ಪ ಮುಂಚೆ, ಅಂಚೆಡಬ್ಬಿಯ ಹತ್ತಿರ, ಅವನ ಬೆನ್ನು ತಟ್ಟಿದಳು. "ನಿಲ್ಲಿಸಿ."

"ಅಂಚೆಗಾ? ಹುಚ್ಚೇನೇ? ಅಲ್ಲಿಗೇ ಹೋಗ್ತಿದೀವಿ. ಕೈಲಿ ಕೊಡೋದನ್ನ ಅಂಚೆಗೆ ಹಾಕಿದ್ರೆ ಎಂಟು ದಿನ."

"ಕೈಲಿದ್ರೆ ಮತ್ತೆ ವಾಪಸ್ ತಂದುಬಿಡ್ತೀನಿ ಕಣ್ರೀ."

ಬಹರೊಮ್ ಎಂಜಿನ್ನು ಆರಿಸಿದ. ರಸ್ತೆಯಲ್ಲಿ ಗಾಡಿಗಳು ಒಂದರ ಹಿಂದೊಂದು ಗಡಿಯ ಕಡೆ ಹರಿಯುತ್ತಿದ್ದವು. ಯಾರೋ ಒಬ್ಬ ಹಾದುಹೋಗುತ್ತ ಎರಡು ಸಲ ಹಾರನ್ನು ಒತ್ತಿದ. ಕಮ್ಸಿಯಾ ಅತ್ತ ಕೈಯೆತ್ತಿ, ಇತ್ತ ಇಳಿದು, ಕುಂಟುತ್ತ ಡಬ್ಬಿಯ ಬಳಿಗೆ ಹೋದಳು. ವಿಳಾಸ ಬರೆದು ಸ್ಟಾಂಪು ಹಚ್ಚಿದ್ದ ಲಕೋಟೆಯನ್ನು ಡಬ್ಬಿಯ ಬಾಯಿಗೆ ತೂರಿಸಿ ಅದರ ತುದಿಯನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆಮೇಲೆ ಬಿಟ್ಟಳು. ಖಾಲಿ ಡಬ್ಬಿಯ ತಳದಲ್ಲಿ ಅದು ತಾಗಿದ ಸಣ್ಣ ಸದ್ದು ಕೇಳಿಸಿತು.