ಹಗಲು ಮಲಗುವವನ ಮನೆ

ಮಗಳು ಕಿಟಕಿಗೆ ಹೊದಿಸಿದ್ದ ಕಪ್ಪು ಕಂಬಳಿ ಎಳೆಯಲು ಕೈಯೆತ್ತಿದ್ದಳು. ಬಾಗಿಲಲ್ಲಿದ್ದ ತಾಯಿ ತುಟಿಯ ಮೇಲೆ ಬೆರಳಿಟ್ಟಳು. ಎತ್ತಿದ ಕೈ ಅಲ್ಲೇ ನಿಂತಿತು. ಮಂಚ ಖಾಲಿಯಿತ್ತು; ಅಪ್ಪನನ್ನು ಆಗಲೇ ಪಡಸಾಲೆಗೆ ತಂದು ಮಲಗಿಸಿದ್ದರು.

ಸತ್ತವನು ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ ಬೇಯಿಸುವವನು. ಊರಿಗೆ ಬೆಳಗಾದರೆ ಅವನಿಗೆ ರಾತ್ರಿ. ಜೊತೆಗಾರರು ಪ್ರೀತಿಯಿಂದ ‘ಗೂಬೆ’ ಎನ್ನುತ್ತಿದ್ದರು. ಇವತ್ತು ಆ ಹೆಸರು ನಾಲಿಗೆಗೆ ಬಂದಾಗಲೆಲ್ಲ ನುಂಗಿಕೊಂಡರು.

ಬೇಕರಿಯಲ್ಲಿ ಹಿಟ್ಟು ನಾದುವವನು ಹತ್ತಿರ ಬಂದು ಮೆಲ್ಲಗೆ ಕೇಳಿದ. "ಎಷ್ಟೊತ್ತಿಗೆ ಹೋದ, ಅತ್ತಿಗೆ? ಆಗಲೇ ನೋಡಿದ್ದಿದ್ರೆ..."

"ಮಲಗಿದ್ರು" ಎಂದಳು ಹೆಂಡತಿ. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ.

*

ನಿದ್ದೆಗೆಟ್ಟು ಗುಂಡಿಗೆ ಸೋತಿದೆ, ಬಿಪಿ ಏರಿದೆ, ರಾತ್ರಿಪಾಳಿ ಬಿಡಿ, ಇಲ್ಲವೇ ಹಗಲಾದರೂ ಸರಿಯಾಗಿ ಮಲಗಿ ಎಂದು ಡಾಕ್ಟರು ಹೇಳಿದ್ದರು. ಪಾಳಿ ಬಿಟ್ಟರೆ ಹೊಟ್ಟೆಗೇನು? ಹಾಗಾಗಿ ಅವನ ನಿದ್ದೆಗೆ ಹೆಂಡತಿಯೇ ಕಾವಲು ನಿಂತಳು. ಬಾಗಿಲ ಗಂಟೆಯ ವೈರು ಕಿತ್ತಳು. ಕುಕ್ಕರ್ ಅಟ್ಟ ಸೇರಿತು. ಮಗಳು ನಡೆಯಲು ಕಲಿತದ್ದೇ ತುದಿಗಾಲಲ್ಲಿ. ಆದರೂ ಒಂದು ಚಮಚ ಬಿದ್ದರೆ ಅವನು ಎದ್ದು ಕೂರುತ್ತಿದ್ದ. "ಕಣ್ಣು ಮುಚ್ಚಿದ್ರೆ ಭಟ್ಟಿನೇ ಕಾಣ್ಸತ್ತೆ ಕಣೇ" ಎನ್ನುತ್ತಿದ್ದ.

ನಿನ್ನೆ ಮಧ್ಯಾಹ್ನವಾದರೂ ಅವನು ಏಳಲಿಲ್ಲ. ಅವಳು ಇಣುಕಿದಳು. ಗೋಡೆಗೆ ಮುಖ ಮಾಡಿ ಹೊದ್ದು ಮಲಗಿದ್ದ. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಬೀದಿಯಲ್ಲಿ ಕೂಗುತ್ತ ಬಂದ ತರಕಾರಿಯವನನ್ನು ಕೈಸನ್ನೆಯಲ್ಲೇ ಸಾಗಹಾಕಿದಳು.

"ಅಮ್ಮ, ಎಬ್ಬಿಸ್ಲಾ?" ಎಂದಳು ಮಗಳು.

"ಸುಮ್ನಿರೇ. ಕೊನೆಗೂ ಕುಂಭಕರ್ಣ ಆಗಿದ್ದಾರೆ ನಿಮ್ಮಪ್ಪ. ಮಲಗ್ಲಿ."

ಸಂಜೆ ಮಗಳು ಮತ್ತೆ ಕೇಳಿದಳು. ತಾಯಿ ಮತ್ತೆ ಬೇಡವೆಂದಳು. ಕೆಲಸಕ್ಕೆ ಹೊತ್ತಾಯಿತೆಂದು ಬೇಕರಿಯಿಂದ ಫೋನು ಬಂದಾಗ, ಇವತ್ತೊಂದು ದಿನ ಬಿಟ್ಟುಬಿಡಿ ಎಂದಳು. ಆಮೇಲೆ ಹೊದಿಕೆ ಸರಿಮಾಡಲು ಹೋದಾಗ ಅವನ ಪಾದ ಕೈಗೆ ತಾಕಿತು. ತಣ್ಣಗಿತ್ತು.

*

ಹೊರಗೆ ಗಾಡಿ ಬಂದು ನಿಂತಿತು. ಬೇಕರಿಯವರು ಚಾಪೆಯ ನಾಲ್ಕೂ ಮೂಲೆ ಹಿಡಿದು ಅವನನ್ನು ಎತ್ತಿದರು. ತಿರುಗುವಾಗ ಯಾರದೋ ಮೊಣಕೈ ತಗುಲಿ ಕಟ್ಟೆಯ ಮೇಲಿದ್ದ ಸ್ಟೀಲಿನ ಖಾಲಿ ಕೊಡ ಕೆಳಗುರುಳಿತು. ಮನೆಯೆಲ್ಲ ಅದುರುವಷ್ಟು ಸದ್ದು.

ಕೊಡದ ಕಡೆ ಯಾರೂ ನೋಡಲಿಲ್ಲ. ತಾಯಿ, ಮಗಳು, ಹಿಟ್ಟು ನಾದುವವನು, ಎಲ್ಲರೂ ಅವನ ಮುಖವನ್ನೇ ನೋಡಿದರು.

ಹೆಂಡತಿ ಬಗ್ಗಿ ಕೊಡವನ್ನು ಎತ್ತಿಕೊಂಡಳು. ಅವನ ಮುಖದಿಂದ ಕಣ್ಣು ಕೀಳದೆ, ಅದನ್ನು ತಲೆಯ ಮಟ್ಟಕ್ಕೆ ಎತ್ತಿ ಮತ್ತೆ ನೆಲಕ್ಕೆ ಬಿಟ್ಟಳು.