ಒಂದು ಕೊಂಬು, ಒಂದು ಗುಡಿಸು

೨೦೨೪ರ ನವೆಂಬರ್ ೯, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಮೈಕ್ರಾನ್ ತನ್ನ ವರ್ಕ್‌ಶಾಪಿನ ಮೇಜಿನ ಮೇಲೆ ಅಂಗೈಯಗಲದ ಅಲ್ಯೂಮಿನಿಯಂ ತಟ್ಟೆಯೊಂದನ್ನಿಟ್ಟು, ದೀಪವನ್ನು ಅದರ ಹತ್ತಿರಕ್ಕೆ ಎಳೆದು, "ಸೀಳಿದೆ" ಎಂದಳು.

ಟೀಚರ್ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಕೂದಲಿನಂಥ ಒಂದು ಕಪ್ಪು ಗೆರೆ, ತಟ್ಟೆಯ ನಡುವಿನ ದೊಡ್ಡ ತೂತಿನಿಂದ ಅಂಚಿನವರೆಗೆ.

"ಬೆಸುಗೆ ಹಾಕಿದ್ರೆ?"

"ಮೊದಲನೇ ತಿರುವಿಗೇ ಬಾಯಿ ಬಿಡುತ್ತೆ, ಅತ್ತಿಗೆ. ಹೊಸದೇ ಆಗ್ಬೇಕು."

ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಟೀಚರ್‌ಳ ಮಗಳು ಉಗುರು ಕಚ್ಚುವುದನ್ನು ನಿಲ್ಲಿಸಿದಳು. "ಆಗುತ್ತಾ ಅತ್ತೆ?"

ತಟ್ಟೆ ಅವಳ ಇನ್ನೊಂದು ಕುರ್ಚಿಯದು: ಮುಂದೆ ಸಣ್ಣದೊಂದು, ಹಿಂದೆ ಓರೆಯಾಗಿ ನಿಂತ ದೊಡ್ಡವೆರಡು ಚಕ್ರಗಳ ಪಂದ್ಯದ ಕುರ್ಚಿ. ಬಲಚಕ್ರದ ಅಚ್ಚನ್ನು ಹಿಡಿದಿಡುವುದು ಈ ತಟ್ಟೆಯೇ. ಬೆಳಿಗ್ಗೆ ಅಭ್ಯಾಸದಲ್ಲಿ 'ಟಿಕ್' ಎಂದಿತ್ತಂತೆ. ಸಂಜೆ ನಾಲ್ಕಕ್ಕೆ ನಾನೂರು ಮೀಟರ್ ಓಟ. ಕುರ್ಚಿಗಳ ತಪಾಸಣೆ ಮೂರಕ್ಕೆ ಮುಗಿಯುತ್ತದೆ. ಅರವತ್ತೆರಡು ಸೆಕೆಂಡಿನೊಳಗೆ ಓಡಿದರೆ ರಾಷ್ಟ್ರೀಯ ತರಬೇತಿ ಶಿಬಿರಕ್ಕೆ ಕರೆ. ಅವಳ ಈವರೆಗಿನ ಒಳ್ಳೆಯ ಓಟ ಅರವತ್ತೆರಡು ದಶಾಂಶ ಮೂರು. ಈ ವರ್ಷಕ್ಕೆ ಲೆಕ್ಕಕ್ಕೆ ಬರುವ ಕೊನೆಯ ಪಂದ್ಯ ಇದೇ.

"ಆಗ್ದೆ ಏನು? ನಿಮ್ಮಮ್ಮ ಇದ್ದಾರಲ್ಲ, ಆಳು ಖರ್ಚಿಲ್ಲ" ಎಂದು ಮೈಕ್ರಾನ್ ತೋಳು ಮಡಚಿದಳು.

ಮೈಕ್ರಾನ್ ಎಂಬುದು ಬೀದಿಯವರು ಇಟ್ಟ ಹೆಸರು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ತಪ್ಪನ್ನು ಟೀಚರ್‌ಳ ಈ ನಾದಿನಿ ಮನೆಯಲ್ಲೂ ಕ್ಷಮಿಸುತ್ತಿರಲಿಲ್ಲ. ಟೀಚರ್ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಘರ್ಷಣೆಯ ಬಗ್ಗೆ ಅಷ್ಟೆಲ್ಲ ಮಾತಾಡಿದ ಮೇಲೆ ಒಮ್ಮೆ ಅದನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆಯಿಂದ ವರ್ಕ್‌ಶಾಪಿಗೆ ಬರತೊಡಗಿ ಇಂದಿಗೆ ನಲವತ್ತಾರು ದಿನ. ಕಂಬದ ಡ್ರಿಲ್ ಯಂತ್ರದವರೆಗೆ ಅವಳಿಗೆ ಬಡ್ತಿ ಸಿಕ್ಕಿತ್ತು. ಲೋಹವನ್ನು ಹೆರೆಯುವ ಮಿಲ್ಲಿಂಗ್ ಯಂತ್ರದ ಪಕ್ಕ ನಿಲ್ಲಬಹುದಿತ್ತು, ಅಷ್ಟೆ.

ಕೆಲಸ ಶುರುವಾಯಿತು. ಇಪ್ಪತ್ತು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಕತ್ತರಿಸಿ, ಅಂಚುಗಳನ್ನು ಮಿಲ್ಲಿಂಗ್ ಯಂತ್ರದಲ್ಲಿ ಸಮ ಮಾಡಿ, ಮೈಕ್ರಾನ್ ಗೀರು ಎದ್ದು ಕಾಣಲೆಂದು ಅದರ ಮೇಲೆ ನೀಲಿ ಬಣ್ಣ ಬಳಿದು ನಾಲ್ಕು ತೂತುಗಳ ಜಾಗ ಗೀಚಿದಳು. "ಇವು ನಿಮ್ಮವು."

ಟೀಚರ್ ಪರೀಕ್ಷೆಗೆ ಹೊರಟ ಹುಡುಗಿಯಂತೆ ಸಜ್ಜಾದಳು. ಸರ ತೆಗೆದಳು, ತೋಳು ಮಡಚಿದಳು, ಕೂದಲನ್ನು ಟೋಪಿಯೊಳಗೆ ತುರುಕಿದಳು, ಕಣ್ಣಿಗೆ ಗಾಗಲ್ಸ್ ಏರಿಸಿದಳು. ಕೈಗವಸು ಇಲ್ಲ. ಮೊದಲ ದಿನವೇ ಮೈಕ್ರಾನ್ ಹೇಳಿದ್ದಳು: "ಚಳಿಗೆ ಹಾಕ್ಕೊಂಡ್ರೆ ಬೆರಳು ಉಳಿಯುತ್ತೆ. ಡ್ರಿಲ್ಲಿಗೆ ಹಾಕ್ಕೊಂಡ್ರೆ ಗವಸು ಮಾತ್ರ ಉಳಿಯುತ್ತೆ." ತಟ್ಟೆಯನ್ನು ಇಕ್ಕಳದಂಥ ವೈಸಿನಲ್ಲಿ ಬಿಗಿದಳು, ವೈಸನ್ನು ಯಂತ್ರದ ಪೀಠಕ್ಕೆ ಬೋಲ್ಟು ಮಾಡಿದಳು. ಬೈರಿಗೆಯನ್ನು ಕಚ್ಚಿ ಹಿಡಿಯುವ ಚಕ್ಕಿನಿಂದ ಬಿಗಿಯುವ ಕೀಲಿಯನ್ನು ಕಿತ್ತು ಕೊಕ್ಕೆಗೆ ತೂಗುಹಾಕಿ, ಅದು ತೂಗುತ್ತಿದೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆಯೇ ಬಟನ್ ಒತ್ತಿದಳು.

ಅಲ್ಯೂಮಿನಿಯಂ ಬೆಳ್ಳಿಯ ಸುರುಳಿಯಾಗಿ ಎದ್ದು ಬಂತು. ಬೈರಿಗೆ ತಳ ಮುಟ್ಟುವ ಹೊತ್ತಿಗೆ ಹಿಡಿಕೆಯ ಮೇಲಿನ ಭಾರ ಇಳಿಸಿದಳು. ಲೋಹವನ್ನು ತೂರುವ ಕ್ಷಣದಲ್ಲೇ ಬೈರಿಗೆ ಕಚ್ಚಿಕೊಳ್ಳುವುದು, ತಟ್ಟೆಯನ್ನು ಗಿರಗಿರ ತಿರುಗಿಸುವುದು. ತೂರಿತು. ನಿಲ್ಲಿಸಿ, ಚಕ್ಕು ಪೂರ್ತಿ ನಿಂತ ಮೇಲೆ ಸುರುಳಿಗಳನ್ನು ಬ್ರಷ್ಷಿನಿಂದ ಗುಡಿಸಿದಳು. ಹೀಗೆ ನಾಲ್ಕು ಸಲ. ನಾಲ್ಕೂ ತೂತಿಗೆ ಬೋಲ್ಟುಗಳು ಬೆಣ್ಣೆಗೆ ಬೆರಳಿಟ್ಟಂತೆ ಇಳಿದವು.

"ಅಮ್ಮ ಪಾಸು!" ಮಗಳು ಚಪ್ಪಾಳೆ ತಟ್ಟಿದಳು.

"ಪ್ರಥಮ ದರ್ಜೆ ಅನ್ನೇ. ನಾನು ಬರೀ ಪಾಸಾದವಳಲ್ಲ."

ಉಳಿದದ್ದು ನಡುವಿನ ದೊಡ್ಡ ತೂತು, ಇಡೀ ತಟ್ಟೆಯ ಜೀವ. ಮೂವತ್ತೆಂಟು ಮಿಲಿಮೀಟರಿಗಿಂತ ಕಮ್ಮಿ ಇರಬಾರದು, ಮೂವತ್ತು ಮೈಕ್ರಾನಿಗಿಂತ ಹೆಚ್ಚು ಮೀರಬಾರದು. "ಕೂದಲೆಳೆಯಷ್ಟು ಅಂತಾರಲ್ಲ, ಅದು ಎಪ್ಪತ್ತು ಮೈಕ್ರಾನ್. ಅದರ ಅರ್ಧಕ್ಕಿಂತ ಕಮ್ಮಿ ನಮ್ಮದು" ಎಂದು ಮೈಕ್ರಾನ್ ಖುಷಿಯಿಂದ ಕೈ ಉಜ್ಜಿಕೊಂಡಳು. ಮಿಲ್ಲಿಂಗ್ ಯಂತ್ರದಲ್ಲಿ ಒರಟು ತೂತನ್ನು ಕೊರೆದಾಗ ಹನ್ನೆರಡು ನಲವತ್ತೆಂಟು. ಇನ್ನು ಕಟ್ಟರ್ ಕಳಚಿ, ತೂತನ್ನು ಸಣ್ಣಸಣ್ಣದಾಗಿ ಹಿಗ್ಗಿಸುವ ಬೋರಿಂಗ್ ಹೆಡ್ ಜೋಡಿಸಬೇಕು. ಅದನ್ನು ಬಿಗಿಯುವ ಉದ್ದನೆಯ ಬೋಲ್ಟು ಯಂತ್ರದ ನೆತ್ತಿಯ ಮೇಲಿದೆ. ಮೈಕ್ರಾನ್ ಮೂವತ್ತು ಸೆಂಟಿಮೀಟರಿನ ಸ್ಪ್ಯಾನರ್ ಹಿಡಿದು ಸ್ಟೂಲು ಹತ್ತಿದಳು.

ಕೆಳಗೆ ಟೀಚರ್ ತಟ್ಟೆಯ ಮಟ್ಟಕ್ಕೆ ಕಣ್ಣಿಟ್ಟು ಬಗ್ಗಿದ್ದಳು. ಕಿವಿಗೆ ಶಬ್ದ ತಡೆಯುವ ಕಪ್ಪುಗಳು, ಗೋಡೆಯಲ್ಲಿ ಹೊಗೆ ಎಳೆಯುವ ಫ್ಯಾನಿನ ಮೊರೆತ, ತಲೆಯಲ್ಲಿ ಓಟದ ಗಡಿಯಾರ. ಮೂತಿ ಮುಂದಕ್ಕೆ ಚಾಚಿದ ಯಂತ್ರದ ತಲೆ ನಾದಿನಿಯನ್ನು ಸೊಂಟದಿಂದ ಮೇಲಕ್ಕೆ ಮರೆಮಾಡಿತ್ತು. ಇನ್ನೇನು ಶುರು, ಇನ್ನೇನು ಶುರು ಎಂದು ಅವಳ ಬೆರಳು ತಾನೇ ತಾನಾಗಿ ಹಸಿರು ಬಟನ್ನಿನ ಹತ್ತಿರ ಹೋಗಿತ್ತು.

"ಹಾಕು!" ಮೇಲಿನಿಂದ ದನಿ ಬಂತು.

ಟೀಚರ್ ಒತ್ತಿದಳು.

ಏನೂ ಆಗಲಿಲ್ಲ. ಯಂತ್ರ ಗುರ್ ಎನ್ನಲಿಲ್ಲ, ದೀಪ ಹತ್ತಲಿಲ್ಲ. ಬದಲಿಗೆ ಬೆನ್ನ ಹಿಂದೆ ಜಾರುಬಾಗಿಲು ಗಡಗಡನೆ ಮುಚ್ಚಿಕೊಂಡಿತು. ತಿರುಗಿ ನೋಡಿದರೆ ಮಗಳು ಬಾಗಿಲಿನ ಹಿಡಿಯಿಂದ ಕೈ ತೆಗೆಯುತ್ತಿದ್ದಾಳೆ. "ಎಷ್ಟು ಧೂಳು ಬರ್ತಿತ್ತು, ಅಬ್ಬಾ."

ಬಾಗಿಲು ಹಾಕ್ಲಾ ಎಂದು ಕೇಳಿದವಳು ಮಗಳು. ಹಾಕು ಎಂದದ್ದು ಅವಳಿಗೆ.

ಟೀಚರ್ ಹಾವು ತುಳಿದವಳಂತೆ ಹಿಂದೆ ಸರಿದು ತಲೆಯೆತ್ತಿದಳು. ನಾದಿನಿಯ ಎರಡೂ ಕೈ ಸ್ಪ್ಯಾನರಿನ ಮೇಲೆ, ಸ್ಪ್ಯಾನರ್ ಬೋಲ್ಟಿನ ಮೇಲೆ. ಟೀಚರ್‌ಳ ತಲೆ, ಬೇಡವೆಂದರೂ, ಲೆಕ್ಕ ಮಾಡಿತು: ನಿಮಿಷಕ್ಕೆ ಸಾವಿರದ ನಾನೂರು ಸುತ್ತು, ಮೂವತ್ತು ಸೆಂಟಿಮೀಟರ್ ಹಿಡಿ; ತುದಿಯ ವೇಗ ಸೆಕೆಂಡಿಗೆ ನಲವತ್ತನಾಲ್ಕು ಮೀಟರ್. ಮುಂಗೈ ಮುರಿಯಲು ಅದರ ಹತ್ತರಲ್ಲೊಂದು ಪಾಲು ಸಾಕು.

ಗೋಡೆಯತ್ತ ನೋಡಿದಳು. ಯಂತ್ರದ ಮೇನ್ ಸ್ವಿಚ್ಚಿನ ಹಿಡಿ ಕೆಳಗಿತ್ತು, ಅದರ ಕಿವಿಯಲ್ಲಿ ಹೆಬ್ಬೆರಳಿನಷ್ಟು ಕೆಂಪು ಬೀಗ. ಯಂತ್ರದೊಳಗೆ ಕೈಯಿಡುವ ಮೊದಲು ಮೈಕ್ರಾನ್ ಪ್ರತಿ ಸಲ ಹೀಗೆ ಬೀಗ ಜಡಿದು ಬೀಗದಕೈಯನ್ನು ಜೇಬಿಗೆ ಬಿಟ್ಟುಕೊಳ್ಳುತ್ತಿದ್ದಳು. ಎರಡು ನಿಮಿಷದ ಕೆಲಸಕ್ಕೂ ಇದೇ ಮಡಿಯೇ ಎಂದು ಟೀಚರ್ ಮನಸ್ಸಿನಲ್ಲೇ ನಕ್ಕದ್ದುಂಟು.

ಯಾರೂ ನೋಡಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು: ಕೂದಲೆಳೆಯಲ್ಲಿ ಪಾರಾದರೆ ಯಂತ್ರಕ್ಕೆ ಇಪ್ಪತ್ತು ನಿಮಿಷ ರಜೆ, ಇದು ಇಲ್ಲಿಯ ಕಟ್ಟಳೆ. ಇಪ್ಪತ್ತು ನಿಮಿಷ! ಮಗಳು ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದಳು. ಸುಮ್ಮನಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಸುಮ್ಮನಿದ್ದರೆ, ಹೀಗೂ ಆಗಬಹುದೆಂಬ ಸಂಗತಿ ಗೊತ್ತಿಲ್ಲದೆಯೇ ಆ ಎರಡು ಕೈ ಇನ್ನೂ ಮೂರು ಸಲ ಯಂತ್ರದೊಳಗೆ ಹೋಗುತ್ತಿತ್ತು.

"ನಾನು ಬಟನ್ ಒತ್ತಿಬಿಟ್ಟೆ" ಎಂದಳು.

ಸ್ಪ್ಯಾನರ್ ನಿಂತಿತು. "ಯಾವುದು?"

"ಹಸಿರು. ನೀನು ಹಾಕು ಅಂದ್ಯಲ್ಲ."

ಮೈಕ್ರಾನ್ ಸ್ಟೂಲಿನಿಂದ ನಿಧಾನವಾಗಿ ಇಳಿದಳು. ಸ್ಪ್ಯಾನರನ್ನು ಮೇಜಿನ ಮೇಲಿಟ್ಟಳು. ಜೇಬು ತಡವಿ ಬೀಗದಕೈ ಇದೆಯೆಂದು ಖಾತ್ರಿ ಮಾಡಿಕೊಂಡಳು.

"ಅತ್ತಿಗೆ, ಇಷ್ಟು ವರ್ಷದಲ್ಲಿ ನಿಮಗೆ ನಾನು 'ಹಾಕು' ಅಂದಿದ್ದೀನಾ? 'ಹಾಕಿ' ಅಲ್ವಾ ಅನ್ನೋದು?"

ಟೀಚರ್ ಆ ಎರಡು ಮಾತನ್ನೂ ಮನಸ್ಸಿನಲ್ಲೇ ಪಕ್ಕಪಕ್ಕ ಇಟ್ಟು ನೋಡಿದಳು. ನಿಜ. ಕಕಾರಕ್ಕೆ ಗುಡಿಸು ಇದ್ದರೆ ತನಗೆ, ಕೊಂಬು ಇದ್ದರೆ ಮಗಳಿಗೆ. ಒಂದನೇ ತರಗತಿಯ ಮಗುವಿಗೂ ಗೊತ್ತಿರುವ ಆ ವ್ಯತ್ಯಾಸ ಕಿವಿಗೆ ಬಿದ್ದರೂ ಬೆರಳಿಗೆ ಮುಟ್ಟಿರಲಿಲ್ಲ.

"ಇಪ್ಪತ್ತೆಂಟು ವರ್ಷ ಮರ್ಯಾದೆ ಕೊಟ್ಟಿದ್ದೆಲ್ಲ ನೀರಲ್ಲಿ ಹೋಮ" ಎಂದು ಮೈಕ್ರಾನ್ ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. "ಆಯ್ತು. ಇಪ್ಪತ್ತು ನಿಮಿಷ."

"ಐದು ಸಾಕಲ್ವಾ? ಇವತ್ತೊಂದು ದಿನ—"

ಮೈಕ್ರಾನ್ ಬಲಗೈಯನ್ನು ಅಡ್ಡ ಚಾಚಿದಳು. ಬೆರಳುಗಳು ಗಾಳಿಗೆ ಎಲೆ ಅಲುಗುವಂತೆ ಅಲುಗುತ್ತಿದ್ದವು. "ಈ ಕೈಲಿ ಮೂವತ್ತು ಮೈಕ್ರಾನ್ ಹಿಡೀಲಾ, ನೀವೇ ಹೇಳಿ. ನಿಮ್ಮ ಕೈಯೂ ತೋರ್ಸಿ."

ಟೀಚರ್ ತೋರಿಸಲಿಲ್ಲ, ಜೇಬಿಗೆ ತುರುಕಿದಳು.

ಮಗಳು ಇಬ್ಬರನ್ನೂ ನೋಡಿದಳು. ಅಳುವಂತಿದ್ದ ಅವಳ ಮುಖ ಗಟ್ಟಿಯಾಯಿತು. "ಬೋರಿಂಗಿಗೆ ಮೂವತ್ತೈದು ನಿಮಿಷ, ಜೋಡಿಸೋಕೆ ಮೂವತ್ತೈದು, ದಾರಿಗೆ ಇಪ್ಪತ್ತೈದು. ಇಪ್ಪತ್ತು ಹೋದ್ರೂ ಹನ್ನೆರಡು ಮಿಕ್ಕುತ್ತೆ. ಕೂತ್ಕೋ ಅಮ್ಮ. ಅತ್ತೆ ಕೈ ಇಲ್ದೆ ಬರೋ ತಟ್ಟೆ ನಂಗೆ ಬೇಡ."

ಕೂತರು. ಮೈಕ್ರಾನ್ ಕಪ್ಪುಗಳಿಗೆ ಚಹಾ ಬಗ್ಗಿಸುತ್ತ ಹೊಸ ಕಾನೂನು ಹೊರಡಿಸಿದಳು: ಈ ಬಾಗಿಲೊಳಗೆ ಇನ್ನು ಆ ಮಾತೇ ಇಲ್ಲ. ಯಂತ್ರ ಶುರುವಾಗಬೇಕಾದರೆ 'ಓಡಲಿ'. ಅದನ್ನು ಹೇಳುವವರೂ ಒತ್ತುವವರೂ ಒಬ್ಬರೇ. ಕೈ ಯಾರದೋ ಬಟನ್ ಅವರದು.

"ಸಕ್ಕರೆ ಎಷ್ಟು ಹಾ..." ಎಂದ ಟೀಚರ್ ನಾಲಿಗೆ ಕಚ್ಚಿಕೊಂಡಳು. "ಎಷ್ಟು ಸುರೀಲಿ?"

"ಎರಡು ಚಮಚ ಸುರೀರಿ. ಏಯ್, ನೀನು ಸುಮ್ನೆ ಕೂರ್ಬೇಡ, ಟೈರಿಗೆ ಗಾಳಿ..."

"ತುಂಬಿಸ್ತೀನಿ ಅತ್ತೆ, ತುಂಬಿಸ್ತೀನಿ! ಆಮೇಲೆ ಹೆಲ್ಮೆಟ್ ಧರಿಸ್ತೀನಿ!" ಮಗಳು ಹಳೆಯ ನಾಟಕದ ರಾಣಿಯಂತೆ ಕೈ ಎತ್ತಿದಳು. ಮೈಕ್ರಾನಿಗೆ ಈಗ ನಗು ಬಂತು, ಚಹಾ ಚೆಲ್ಲುವಷ್ಟು. ಆ ಒಂದು ಮಾತಿಲ್ಲದೆ ಕನ್ನಡದಲ್ಲಿ ಹತ್ತು ನಿಮಿಷ ಬದುಕುವುದು ಎಷ್ಟು ಕಷ್ಟವೆಂದು ಮೂವರಿಗೂ ಅಂದೇ ತಿಳಿದದ್ದು.

ಒಂದು ಗಂಟೆ ಹದಿಮೂರು ನಿಮಿಷ. ಮೈಕ್ರಾನ್ ಕೈ ಚಾಚಿ ನೋಡಿಕೊಂಡಳು: ಕಲ್ಲು. ಬೋರಿಂಗ್ ಹೆಡ್ ಬಿಗಿದು, ಸ್ಪ್ಯಾನರನ್ನು ಗೋಡೆಯ ಮೊಳೆಗೆ ಸೇರಿಸಿ, ಬೀಗ ತೆಗೆದು, ಹಿಡಿ ಎತ್ತಿದಳು. "ಓಡಲಿ" ಎಂದು ತಾನೇ ಹೇಳಿ ತಾನೇ ಒತ್ತಿದಳು.

ಸುಯ್ಯೆಂದು ಲೋಹ ಹಾಡಿತು. ಒಂದು ಸುತ್ತಿಗೆ ಕೂದಲಿನಷ್ಟು ಪುಡಿ. ನಿಲ್ಲಿಸುವುದು, ಕಾಯುವುದು, ಅಳೆಯುವುದು. ಅಳತೆ ಓದುವ ಕೆಲಸ ಟೀಚರ್‌ಳದು. "ಮೂವತ್ತೇಳು ಎಂಬತ್ತು." ಮತ್ತೆ. "ಮೂವತ್ತೇಳು ತೊಂಬತ್ತೊಂದು." ಮತ್ತೆ. "ಮೂವತ್ತೇಳು ತೊಂಬತ್ತೇಳು." ಮೈಕ್ರಾನ್ ಹೆಡ್ಡಿನ ಸ್ಕ್ರೂವನ್ನು ಗಡಿಯಾರದ ಮುಳ್ಳು ಸರಿಸುವವಳಂತೆ ಸರಿಸಿದಳು. ಹೊರಗೆ ಅವಳ ಅಣ್ಣ, ಟೀಚರ್‌ಳ ಗಂಡ, ವ್ಯಾನಿನ ಹಾರನ್ ಬಾರಿಸಿದ. "ಬಾರಿಸ್ಲಿ ಬಿಡಿ, ಅಣ್ಣನ ಹಾರನ್ನಿಗೆ ಅಲ್ಯೂಮಿನಿಯಂ ಹೆದರಲ್ಲ" ಎಂದು ಅವಳು ಕೊನೆಯ ಸುತ್ತು ಓಡಿಸಿದಳು.

ಟೀಚರ್ ಅಳೆದಳು. ನಂಬದೆ ಇನ್ನೊಮ್ಮೆ ಅಳೆದಳು. "ಮೂವತ್ತೆಂಟು ದಶಾಂಶ ಸೊನ್ನೆ ಒಂದು!" ಎಂದು ಕೂಗಿದ ರಭಸಕ್ಕೆ ಅವಳ ಟೋಪಿ ಹಾರಿತು.

ಎರಡು ಐವತ್ತೆರಡಕ್ಕೆ ಕುರ್ಚಿ ತಪಾಸಣೆಯ ಮೇಜು ಮುಟ್ಟಿತು. ತಪಾಸಣೆಯವನು ಚಕ್ರವನ್ನು ಅಲ್ಲಾಡಿಸಿ, ಹೊಳೆಯುವ ತಟ್ಟೆಯ ಮೇಲೆ ಬೆರಳಾಡಿಸಿ, "ಯಾವ ಕಂಪನಿದು?" ಎಂದು ಕೇಳಿದ.

"ಮನೆಯದು" ಎಂದಳು ಮೈಕ್ರಾನ್.

ನಾಲ್ಕಕ್ಕೆ ಪಿಸ್ತೂಲು ಸದ್ದಾಯಿತು. ಮೊದಲ ತಿರುವಿನಲ್ಲಿ ಕುರ್ಚಿಯ ಭಾರವೆಲ್ಲ ಬಲಚಕ್ರದ ಮೇಲೆ ಬೀಳುವುದನ್ನು ಟೀಚರ್ ಉಗುರುಗಳಿಂದ ಅಂಗೈ ಒತ್ತಿಕೊಂಡು ನೋಡಿದಳು. ತಟ್ಟೆ ಹಿಡಿಯಿತು. ಎರಡನೆಯ ತಿರುವಿನಲ್ಲಿ ಮಗಳು ನಾಲ್ಕನೆಯವಳು. ನೇರದಾರಿಗೆ ಬರುವಾಗ ಅವಳ ತೋಳುಗಳು ರಾಟೆಯಂತೆ ತಿರುಗುತ್ತಿದ್ದವು, ಮೂರನೆಯವಳಾದಳು. ಮೈಕ್ರಾನ್ ಬೆಂಚಿನ ಮೇಲೆ ಹತ್ತಿ ನಿಂತು "ಹಾಕೇ! ಹಾಕೇ! ಇನ್ನೂ ಹಾಕೇ!" ಎಂದು ಗಂಟಲು ಹರಿಯುವಂತೆ ಕಿರುಚುತ್ತಿದ್ದಳು. ಪಕ್ಕದಲ್ಲಿ ಟೀಚರ್ ಕೂಡ, ಮೂವತ್ತೊಂದು ವರ್ಷ ತರಗತಿಯಲ್ಲಿ ಎಂದೂ ಎತ್ತದ ದನಿಯಲ್ಲಿ, ಅದನ್ನೇ ಕೂಗುತ್ತಿದ್ದಳು.

ಮಗಳು ಮೂರನೆಯವಳಾಗಿಯೇ ಗೆರೆ ದಾಟಿದಳು. ಫಲಕದ ಮೇಲೆ ಅವಳ ಸಂಖ್ಯೆಯ ಮುಂದೆ ಸಮಯ ಮೂಡಿತು: ೬೧.೭೪ ಸೆಕೆಂಡು.